ಆಭಾ ನಂಬರ್ ಕೊಟ್ಟರೆ ನಮ್ಮ ಕಾಯಿಲೆ ಊರಿಗೆಲ್ಲ ಗೊತ್ತಾಗುತ್ತದೆಯೇ?

ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಹೋದರೆ ಈಗ ಹೆಸರು, ವಯಸ್ಸಿನ ಜೊತೆಗೆ ‘ಆಭಾ ನಂಬರ್ ಇದೆಯಾ?’ ಎಂದೂ ಕೇಳುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ 14 ಅಂಕಿಗಳ ಸಂಖ್ಯೆ ಅದು. ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳು ರೋಗಿಯ ದಾಖಲೆಗಳನ್ನು ಪರಸ್ಪರ ನೋಡುವಂತಾಗಲಿ ಎಂಬುದು ಇದರ ಉದ್ದೇಶ. ಇದರ ಸುತ್ತ ತಪ್ಪು ತಿಳಿವಳಿಕೆಯೂ ಬೇಕಾದಷ್ಟು ಬೆಳೆದಿದೆ.

ಮೊದಲನೆಯದು, ಆಭಾ ಮಾಡಿಸಿದರೆ ಐದು ಲಕ್ಷದವರೆಗೆ ಚಿಕಿತ್ಸೆ ಉಚಿತ ಎಂಬುದು. ಆ ಸೌಲಭ್ಯ ಇರುವುದು ಆಯುಷ್ಮಾನ್ ಕಾರ್ಡಿಗೆ, ನಮ್ಮಲ್ಲಿ ಆರೋಗ್ಯ ಕರ್ನಾಟಕದೊಂದಿಗೆ ಸೇರಿರುವ ಯೋಜನೆಗೆ. ಆಭಾ ಬರೀ ದಾಖಲೆಗಳ ಗುರುತಿನ ಸಂಖ್ಯೆ. ಅದರಿಂದ ಒಂದು ರೂಪಾಯಿಯ ಬಿಲ್ಲೂ ಕಡಿಮೆಯಾಗದು. ಅದು ಇಲ್ಲದಿದ್ದರೆ ಚಿಕಿತ್ಸೆ ಇಲ್ಲ ಎಂಬುದೂ ಸುಳ್ಳು. ಮಾಡಿಸುವುದು, ಬಿಡುವುದು ನಿಮ್ಮ ಇಷ್ಟ.

‘ನಮ್ಮ ರಿಪೋರ್ಟೆಲ್ಲ ದೆಹಲಿಯ ಕಂಪ್ಯೂಟರಿಗೆ ಹೋಗುತ್ತದೆ’ ಎಂಬ ಭಯ ಇನ್ನೂ ವ್ಯಾಪಕ. ಈ ವ್ಯವಸ್ಥೆಯಲ್ಲಿ ದಾಖಲೆ ಹುಟ್ಟಿದಲ್ಲೇ ಉಳಿಯುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನನ್ನು ಜಿಲ್ಲಾಸ್ಪತ್ರೆಯ ವೈದ್ಯರು ನೋಡಬೇಕೆಂದರೆ ಅನುಮತಿ ಕೋರಿಕೆ ನಿಮ್ಮ ಮೊಬೈಲಿಗೆ ಬರಬೇಕು. ಯಾವ ದಾಖಲೆ, ಯಾವ ಅವಧಿಯದು, ಎಲ್ಲಿಯವರೆಗೆ ನೋಡಬಹುದು ಎಂಬುದನ್ನು ನೀವೇ ಗೊತ್ತುಮಾಡಬಹುದು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಆದರೆ ಗಡಿಬಿಡಿಯ ಕೌಂಟರಿನಲ್ಲಿ, ಹಿಂದೆ ಸಾಲು ನಿಂತಿರುವಾಗ, ಓಟಿಪಿ ಯಾತಕ್ಕೆಂದು ಕೇಳದೆ ಹೇಳಿಬಿಡುವುದು ತಿಳಿದು ಕೊಟ್ಟ ಒಪ್ಪಿಗೆ ಆಗುವುದಿಲ್ಲ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ದುರ್ಬಲ ಜಾಗ ಅದೇ.

ಇನ್ನು ಕೆಲವರು ಆಭಾ ಇದ್ದಮೇಲೆ ಹಳೆಯ ಫೈಲು ಹೊರುವುದು ಯಾಕೆ ಎನ್ನುತ್ತಾರೆ. ಆಸ್ಪತ್ರೆ ಈ ಜಾಲಕ್ಕೆ ಸೇರಿರಬೇಕು, ನಿಮ್ಮ ದಾಖಲೆಯನ್ನು ನಿಮ್ಮ ಸಂಖ್ಯೆಗೆ ಜೋಡಿಸಿರಬೇಕು. ಇಲ್ಲದಿದ್ದರೆ ಸರ್ಕಾರಿ ವೈದ್ಯರ ಪರದೆಯ ಮೇಲೆ ಏನೂ ಕಾಣುವುದಿಲ್ಲ. ನರ್ಸಿಂಗ್ ಹೋಮಿನಿಂದ ಜಿಲ್ಲಾಸ್ಪತ್ರೆಗೆ ಹೋಗುವವರು ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ, ಮಾತ್ರೆಗಳ ಚೀಟಿಯನ್ನು ಕೈಯಲ್ಲೇ ಹಿಡಿದು ಹೋಗಿ. ರೋಗಿ ಅಥವಾ ಆತನ ಪರವಾಗಿ ಅಧಿಕೃತರಾದವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಹೇಳುತ್ತದೆ. ಈ ಹಕ್ಕಿಗೆ ಆಭಾ ಬೇಕಿಲ್ಲ, ಬಾಯಿ ಬಿಟ್ಟು ಕೇಳಬೇಕು ಅಷ್ಟೆ.

‘ಖಾಸಗಿ ವೈದ್ಯರಿಗೆ ಹೇಳಿದ್ದು ಸರ್ಕಾರಕ್ಕೆ ಎಂದೂ ತಲುಪದು’ ಎಂಬ ಭರವಸೆಯೂ ಪೂರ್ತಿ ನಿಜವಲ್ಲ. ಕ್ಷಯವನ್ನೇ ನೋಡಿ. ಪ್ರತಿ ಪ್ರಕರಣವನ್ನೂ ಖಾಸಗಿಯವರು ಸರ್ಕಾರಕ್ಕೆ ತಿಳಿಸಬೇಕೆಂದು 2012ರಲ್ಲೇ ಆದೇಶವಾಯಿತು. 2018ರ ಅಧಿಸೂಚನೆ ಪ್ರಯೋಗಾಲಯ, ಔಷಧದಂಗಡಿಗಳನ್ನೂ ಸೇರಿಸಿ, ತಿಳಿಸದಿದ್ದರೆ ಶಿಕ್ಷೆ ಎಂದಿತು. ಇಲ್ಲಿ ರೋಗಿಯ ಒಪ್ಪಿಗೆಗೆ ಕಾಯುವುದಿಲ್ಲ, ಕಾಯಬಾರದು ಕೂಡ. ಕ್ಷಯ ಗಾಳಿಯಲ್ಲಿ ಹರಡುತ್ತದೆ. ಮಾತ್ರೆ ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ರೋಗವಾಗುತ್ತದೆ. ಹೆಸರು ಸರ್ಕಾರದ ಕ್ಷಯರೋಗಿಗಳ ಪೋರ್ಟಲ್ ಆದ ನಿಕ್ಷಯ್‌ನಲ್ಲಿ ದಾಖಲಾದರೆ ಮನೆಯವರ ತಪಾಸಣೆ, ಉಚಿತ ಮಾತ್ರೆ, ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆ ಹಣ ಸಿಗುತ್ತದೆ. ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಎಚ್‌ಐವಿಗೆ ಮಾತ್ರ 2017ರ ಪ್ರತ್ಯೇಕ ಕಾಯ್ದೆಯ ರಕ್ಷಣೆ ಇದೆ: ಕಾನೂನು ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟರೆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಬಹಿರಂಗಪಡಿಸುವಂತಿಲ್ಲ.

ಹಂಚದೆ ಇಟ್ಟುಕೊಂಡರೆ ಮಾಹಿತಿ ಭದ್ರ ಎನ್ನುವವರು 2022ರ ನವೆಂಬರ್ ನೆನಪಿಸಿಕೊಳ್ಳಬೇಕು. ದೆಹಲಿಯ ಏಮ್ಸ್‌ನ ಸ್ವಂತ ಸರ್ವರುಗಳ ಮೇಲೆಯೇ ಸೈಬರ್ ದಾಳಿ ನಡೆದು, ನೋಂದಣಿಯಿಂದ ಹಿಡಿದು ಎಲ್ಲವನ್ನೂ ದಿನಗಟ್ಟಲೆ ಕೈಬರಹದಲ್ಲಿ ಮಾಡಬೇಕಾಯಿತು. ಭದ್ರತೆ ನಿಂತಿರುವುದು ಮಾಹಿತಿ ಇಟ್ಟುಕೊಂಡವರು ಎಷ್ಟು ಜೋಪಾನ ಮಾಡುತ್ತಾರೆ ಎಂಬುದರ ಮೇಲೆ.

ಮುಂದಿನ ಸಲ ಕೌಂಟರಿನಲ್ಲಿ ಓಟಿಪಿ ಕೇಳಿದಾಗ, ಹೇಳುವ ಮುನ್ನ ‘ಇದು ಯಾತಕ್ಕೆ? ಯಾರು ನೋಡುತ್ತಾರೆ? ಎಷ್ಟು ದಿನ?’ ಎಂದು ದಯವಿಟ್ಟು ಕೇಳಿ. ಓದು ಬಾರದ ಹಿರಿಯರ ಜೊತೆ ಹೋಗಿದ್ದರೆ, ಅವರ ಪರವಾಗಿಯೂ ಕೇಳಿ.