ನೀರೂ ಅಲ್ಲಿಂದಲೇ, ಪುಡಿಯೂ ಅಲ್ಲಿಂದಲೇ

ಹೊಸಪೇಟೆಯ ನಲ್ಲಿಗೆ ಬರುವ ತುಂಗಭದ್ರೆಯ ನೀರಿಗೂ ಅಂಗಡಿಯ ಕಾಫಿ ಪುಡಿಗೂ ತವರು ಒಂದೇ. ತುಂಗೆ, ಭದ್ರೆ ಎರಡೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ತುಂಗೆ ಶೃಂಗೇರಿಯ ದಾರಿ ಹಿಡಿದರೆ ಭದ್ರೆ ಕಳಸ, ಬಾಳೆಹೊನ್ನೂರುಗಳನ್ನು ಹಾದು ಕೂಡ್ಲಿಯಲ್ಲಿ ಅವಳನ್ನು ಸೇರುತ್ತಾಳೆ. ಅದೇ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆದಿದೆ. ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇರುವುದು ಅಲ್ಲಿಯೇ. ತೋಟಗಳ ನಡುವೆ ಹರಿದ ನೀರು ಕೆಳಗಿಳಿದು ಹೊಸಪೇಟೆಯ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ತೋಟದ ಬೀಜ ಹುರಿದು, ಪುಡಿಯಾಗಿ, ಲಾರಿ ಏರಿ ಬರುತ್ತದೆ. ಇಬ್ಬರೂ ಮತ್ತೆ ಭೇಟಿಯಾಗುವ ಜಾಗ ಅಡುಗೆಮನೆಯ ಫಿಲ್ಟರು.

ಆದರೆ ಹೊಳೆಯ ನೀರು ಎಲ್ಲರ ಮನೆಗೂ ಬರುವುದಿಲ್ಲ. ಸಂಡೂರು, ಕಂಪ್ಲಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಬೋರ್‌ವೆಲ್ಲೇ ಗತಿ. ಒಂದೇ ಅಂಗಡಿಯ, ಒಂದೇ ದಿನ ಬೀಸಿದ ಪುಡಿ ಹೊಳೆ ನೀರಿನ ಮನೆಯಲ್ಲಿ ಘಮಘಮಿಸಿ, ಬೋರ್‌ವೆಲ್ ನೀರಿನ ಮನೆಯಲ್ಲಿ ಸಪ್ಪೆಯಾಗುವುದುಂಟು. ಆಗ ಬೈಗುಳ ತಿನ್ನುವುದು ಪುಡಿ. ಮನೆಯವರು ಬ್ರ್ಯಾಂಡ್ ಬದಲಿಸುತ್ತಾರೆ, ಇನ್ನೂ ದುಬಾರಿಯ ಪೊಟ್ಟಣ ತರುತ್ತಾರೆ. ಡಿಕಾಕ್ಷನ್‌ನಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ ಇರುವಾಗ ಮೊದಲು ವಿಚಾರಿಸಬೇಕಾದದ್ದು ನೀರನ್ನು, ಆಮೇಲೆ ಆ ನೀರು ಪುಡಿಯ ನಡುವೆ ಹೇಗೆ ಇಳಿಯುತ್ತದೆ ಎಂಬುದನ್ನು.

ಎರಡನೆಯದನ್ನೇ ಮೊದಲು ನೋಡೋಣ, ಏಕೆಂದರೆ ಫಿಲ್ಟರು ಕಾಣುವಷ್ಟು ಸರಳ ಯಂತ್ರವಲ್ಲ. ಒಂದರ ಮೇಲೊಂದು ಕೂರುವ ಎರಡು ಪಾತ್ರೆ, ಮೇಲಿನದರ ತಳದಲ್ಲಿ ಸಣ್ಣ ತೂತುಗಳು, ಪುಡಿಯ ಮೇಲೆ ಇಡಲು ಕೊಡೆಯಂಥ ಹಿಡಿಯಿರುವ ತೂತಿನ ಬಿಲ್ಲೆ, ಮೇಲೊಂದು ಮುಚ್ಚಳ. ವಿದ್ಯುತ್ತಿಲ್ಲ, ಚಲಿಸುವ ಭಾಗವಿಲ್ಲ. ಇಂಥ ಎರಡಂತಸ್ತಿನ ಪಾತ್ರೆ ಸುಮಾರು 1800ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಬಳಕೆಗೆ ಬಂತು. ಅದನ್ನು ವಿಜ್ಞಾನಿಯ ಕಣ್ಣಿನಿಂದ ನೋಡಿದವನು ಕೌಂಟ್ ರಂಫೋರ್ಡ್. ಫಿರಂಗಿ ಕೊರೆಯುವಾಗ ಹುಟ್ಟುವ ಶಾಖವನ್ನು ಗಮನಿಸಿ, ಶಾಖವೆಂಬುದು ಒಂದು ವಸ್ತುವಲ್ಲ, ಚಲನೆ ಎಂದು ವಾದಿಸಿದ ಅದೇ ರಂಫೋರ್ಡ್. 1812ರಲ್ಲಿ ಅವನು ಕಾಫಿಯ ಮೇಲೆಯೇ ಒಂದು ದೀರ್ಘ ಪ್ರಬಂಧ ಬರೆದ. ಪುಡಿಯನ್ನು ಸಮನಾಗಿ ಹರಡಿ ಬಿಲ್ಲೆಯಿಂದ ಒತ್ತಬೇಕು, ಪಾತ್ರೆ ಆರದಂತೆ ಸುತ್ತ ಬಿಸಿನೀರು ಇರಬೇಕು ಎಂದು ಅವನು ವಿವರಿಸಿದ. ಇಂದು ನಮ್ಮ ಫಿಲ್ಟರಿನಲ್ಲಿರುವ ಬಿಲ್ಲೆಯ ಕೆಲಸವೂ ಅದೇ. ಪುಡಿಯಲ್ಲಿ ಎಲ್ಲಾದರೂ ಸಡಿಲ ಜಾಗ ಉಳಿದರೆ ನೀರು ಆ ಸಂದಿಯಲ್ಲೇ ದಾರಿ ಮಾಡಿಕೊಂಡು ಸರ್ರನೆ ಇಳಿದುಬಿಡುತ್ತದೆ. ಉಳಿದ ಪುಡಿ ನೆನೆದು ಕೂರುತ್ತದೆಯೇ ಹೊರತು ಸಾರ ಬಿಡುವುದಿಲ್ಲ.

ನೀರು ಎಷ್ಟು ಬೇಗ ಇಳಿಯಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. 1856ರಲ್ಲಿ ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ, ದಿಜೋಂ ನಗರದ ನೀರು ಪೂರೈಕೆಯ ಬಗ್ಗೆ ಬರೆದ ಗ್ರಂಥದಲ್ಲಿ, ಮರಳಿನ ಹಾಸಿನ ಮೂಲಕ ನೀರು ಜಿನುಗುವ ನಿಯಮವನ್ನು ಮುಂದಿಟ್ಟ. ಮೇಲಿರುವ ನೀರಿನ ಎತ್ತರ ಹೆಚ್ಚಿದಷ್ಟೂ ಹರಿವು ಜಾಸ್ತಿ. ಹಾಸು ದಪ್ಪವಾದಷ್ಟೂ ಹರಿವು ಕಡಿಮೆ. ಬೋರ್‌ವೆಲ್ಲಿಗೆ ನೆಲದೊಳಗಿನ ನೀರು ಹರಿದು ಬರುವುದನ್ನೂ, ಮಣ್ಣಿನ ಕಟ್ಟೆಯೊಳಗೆ ನೀರು ಜಿನುಗುವುದನ್ನೂ ಎಂಜಿನಿಯರುಗಳು ಈ ನಿಯಮದಿಂದಲೇ ಅಳೆಯುತ್ತಾರೆ. ಕಾಫಿ ಪುಡಿಯ ಹಾಸಿಗೂ ಇದೇ ನಿಯಮ. ಕಣದ ಗಾತ್ರ ಅರ್ಧಕ್ಕಿಳಿದರೆ ಹರಿವು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಅಂಗಡಿಯವರು ಪುಡಿಯನ್ನು ಒಂದು ಸುತ್ತು ಹೆಚ್ಚು ನುಣ್ಣಗೆ ಬೀಸಿಕೊಟ್ಟ ದಿನ ಡಿಕಾಕ್ಷನ್ ಇಳಿಯಲು ಅಷ್ಟು ಹೊತ್ತು ಹಿಡಿಯುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಹಂಪಿಗೆ ಬರುವ ಪ್ರವಾಸಿಗರು ಕೇಳುವ ಎಸ್‌ಪ್ರೆಸೊದೊಂದಿಗೆ ಹೋಲಿಸಿದರೆ ಫಿಲ್ಟರಿನ ತಾಳ್ಮೆ ಅರ್ಥವಾಗುತ್ತದೆ. ಎಸ್‌ಪ್ರೆಸೊ ಯಂತ್ರ ಸುಮಾರು 9 ಬಾರ್ ಒತ್ತಡದಲ್ಲಿ ನೀರನ್ನು ನೂಕಿ ಅರ್ಧ ನಿಮಿಷದೊಳಗೆ ಕೆಲಸ ಮುಗಿಸುತ್ತದೆ. ಫಿಲ್ಟರಿನಲ್ಲಿ ಪುಡಿಯ ಮೇಲೆ ಎಂಟು ಸೆಂಟಿಮೀಟರ್ ನೀರು ನಿಂತಿದೆ ಎಂದುಕೊಂಡರೆ ಅದರ ಒತ್ತಡ 0.008 ಬಾರ್, ಸಾವಿರ ಪಟ್ಟಿಗೂ ಕಡಿಮೆ. ಹಾಗಾಗಿ ಹದಿನೈದಿಪ್ಪತ್ತು ನಿಮಿಷ ಬೇಕು.

ಈ ನಿಧಾನಗತಿಯಲ್ಲೇ ರುಚಿಯ ಗುಟ್ಟಿದೆ. ಹುರಿದ ಕಾಫಿ ಬೀಜದಲ್ಲಿ ನೀರಿಗೆ ಕರಗುವ ಅಂಶ ಹೆಚ್ಚೆಂದರೆ ನೂರಕ್ಕೆ ಮೂವತ್ತು. ಅದೆಲ್ಲವನ್ನೂ ಹಿಂಡಬಾರದು. ಹಣ್ಣಿನ ಹುಳಿಯಂಥ ಆಮ್ಲಗಳೂ ಕೆಫೀನೂ ಮೊದಲ ಸರದಿಯಲ್ಲೇ ಇಳಿಯುತ್ತವೆ, ಸಿಹಿ ಮತ್ತು ಹುರಿದ ಘಮ ಹಿಂದೆಯೇ ಬರುತ್ತವೆ, ಒಗರು ಮತ್ತು ಒರಟು ಕಹಿ ಕೊನೆಗೆ. ಪುಡಿಯ ತೂಕದ 18ರಿಂದ 22 ಭಾಗದಷ್ಟು ಸಾರ ಇಳಿದಾಗ ರುಚಿ ಹದವಾಗಿರುತ್ತದೆ ಎಂದು ಅಮೆರಿಕದಲ್ಲಿ ಅರ್ನೆಸ್ಟ್ ಲಾಕ್‌ಹಾರ್ಟ್ 1950ರ ದಶಕದಲ್ಲಿ ತೋರಿಸಿದ. ಅದೇ ಪುಡಿಗೆ ಎರಡನೇ ಸಲ, ಮೂರನೇ ಸಲ ನೀರು ಹಾಕಿ ಇಳಿಸಿದ ಡಿಕಾಕ್ಷನ್ ಬಣ್ಣ ಕೊಡುತ್ತದೆ, ರುಚಿ ಕೊಡುವುದಿಲ್ಲ. ಇಬ್ಬರಿಗೆ ಸಾಲುವ ಪುಡಿಯಲ್ಲಿ ನಾಲ್ವರಿಗೆ ಕಾಫಿ ಮಾಡುವ ಅನಿವಾರ್ಯ ಬಂದರೆ, ಎರಡನೆಯದನ್ನು ಮೊದಲನೆಯದಕ್ಕೆ ಬೆರೆಸಿ ಸಮ ಮಾಡುವುದೇ ಸರಿ.

ಅಳತೆ ಹೀಗಿರಲಿ: 20 ಗ್ರಾಂ ಪುಡಿಗೆ 150 ಮಿಲಿಲೀಟರ್ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವುದು 110ರಷ್ಟೇ. ಮೊದಲು ಎರಡು ಚಮಚ ಬಿಸಿನೀರು ಮಾತ್ರ ಹಾಕಿ ಅರ್ಧ ನಿಮಿಷ ಬಿಡಬೇಕು. ಹೊಸದಾಗಿ ಹುರಿದ ಪುಡಿಯಾದರೆ ಅದು ಉಬ್ಬಿ ಗುಳ್ಳೆ ಬಿಡುತ್ತದೆ. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತಿರುತ್ತದೆ. ಆ ಅನಿಲ ಹೋದ ಮೇಲೆಯೇ ನೀರು ಕಣಗಳೊಳಗೆ ಸಲೀಸಾಗಿ ನುಗ್ಗುವುದು.

ಕುದಿಯುವ ನೀರು ಹಾಕಿದರೆ ಪುಡಿ ಸುಟ್ಟುಹೋಗುತ್ತದೆ ಎಂಬ ಭಯ ಹಲವರಿಗಿದೆ. ಬೀಜವನ್ನು ಹುರಿದಿರುವುದೇ 200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ನೀರು ಅದನ್ನು ಸುಡಲಾರದು. ಸಾರ ಚೆನ್ನಾಗಿ ಇಳಿಯುವುದು 90ರಿಂದ 96 ಡಿಗ್ರಿಯ ನಡುವೆ. ಹೊಸಪೇಟೆ ಸಮುದ್ರಮಟ್ಟದಿಂದ ಸುಮಾರು 480 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 98 ಡಿಗ್ರಿ ದಾಟುತ್ತಿದ್ದಂತೆ. ಸಂಡೂರಿನಲ್ಲಿ ಕೂದಲೆಳೆಯಷ್ಟು ಕಡಿಮೆ. ಒಲೆಯಿಂದ ಇಳಿಸಿ ತಣ್ಣನೆಯ ಸ್ಟೀಲ್ ಪಾತ್ರೆಗೆ ಸುರಿಯುವ ಹೊತ್ತಿಗೆ ಇನ್ನೂ ಹಲವು ಡಿಗ್ರಿ ಇಳಿದಿರುತ್ತದೆ. ಆದ್ದರಿಂದ ಕುದಿಯುತ್ತಿರುವ ನೀರನ್ನೇ ಹಾಕಬೇಕು. ಫಿಲ್ಟರನ್ನು ಮೊದಲು ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಇನ್ನೂ ಒಳ್ಳೆಯದು. ಶಾಖಕ್ಕೆ ಇನ್ನೊಂದು ಕೆಲಸವೂ ಇದೆ: 30 ಡಿಗ್ರಿಯ ನೀರು 95 ಡಿಗ್ರಿಯ ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಸ್ನಿಗ್ಧ. ಆರಿದ ನೀರು ಪುಡಿಯ ನಡುವೆ ತೆವಳುತ್ತದೆ. ರಾತ್ರಿ ಹಾಕಿಟ್ಟು ಬೆಳಿಗ್ಗೆ ನೋಡಿದರೆ ಮೇಲೆ ನೀರು ಹಾಗೇ ನಿಂತಿರುವುದಕ್ಕೆ ಇದೊಂದು ಕಾರಣ.

ಮತ್ತೊಂದು ಕಾರಣವನ್ನು ಗುರುತಿಸುವುದು ಸುಲಭ. ಎರಡು ಪಾತ್ರೆಗಳು ಸೇರುವ ಅಂಚಿನಲ್ಲಿ ನೀರು ಮೆತ್ತಿಕೊಂಡರೆ ಕೆಳಗಿನ ಪಾತ್ರೆ ಗಾಳಿಯಾಡದಂತೆ ಮುಚ್ಚಿಹೋಗುತ್ತದೆ. ಒಳಗೆ ಬೀಳುವ ಪ್ರತಿ ಹನಿಯೂ ಅಲ್ಲಿನ ಗಾಳಿಯನ್ನು ಅದುಮುತ್ತದೆ. ಅದುಮಿಸಿಕೊಂಡ ಗಾಳಿ ಮುಂದಿನ ಹನಿಯನ್ನು ತಡೆಯುತ್ತದೆ. ಮೇಲಿನ ಪಾತ್ರೆಯನ್ನು ಒಂದಿಷ್ಟು ಎತ್ತಿ ಮತ್ತೆ ಕೂರಿಸಿದರೆ ಸಾಕು, ಟಪ್ ಟಪ್ ಸದ್ದು ಮತ್ತೆ ಶುರು. ತಟ್ಟಬೇಕಿಲ್ಲ, ಚಮಚದಿಂದ ಕಲಕಲಂತೂ ಬಾರದು. ಕಲಕಿದರೆ ನುಣ್ಣನೆಯ ಕಣಗಳು ತಳಕ್ಕಿಳಿದು ತೂತುಗಳನ್ನೇ ಮುಚ್ಚುತ್ತವೆ.

ಈಗ ನೀರಿನ ಮಾತಿಗೆ ಬರೋಣ. ಬಳ್ಳಾರಿ, ವಿಜಯನಗರ ಜಿಲ್ಲೆಗಳ ನೆಲದಾಳದ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್‌ಗಳನ್ನು ಕರಗಿಸಿಕೊಂಡು ಬರುತ್ತದೆ. ಸೋಪು ನೊರೆ ಬರದ, ಬೇಳೆ ಬೇಗ ಬೇಯದ, ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವ ಗಡಸು ನೀರು. ಇದರಲ್ಲಿ ಕಾಫಿಗೆ ಬೇಕಾದದ್ದೂ ಇದೆ, ಬೇಡವಾದದ್ದೂ ಇದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿದ್ದ ರಸಾಯನ ವಿಜ್ಞಾನಿ ಕ್ರಿಸ್ಟೋಫರ್ ಹೆಂಡನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳು ಕಾಫಿಯ ರುಚಿಯ ಅಣುಗಳಿಗೆ ಅಂಟಿಕೊಂಡು ಅವನ್ನು ನೀರಿಗೆ ಸೆಳೆಯುತ್ತವೆ. ಬೈಕಾರ್ಬೊನೇಟ್ ಮಾಡುವುದು ತದ್ವಿರುದ್ಧ ಕೆಲಸ. ಅದು ಕ್ಷಾರ, ಕಾಫಿಗೆ ಜೀವ ಕೊಡುವ ಆಮ್ಲಗಳನ್ನು ತಣಿಸಿಬಿಡುತ್ತದೆ. ಕಾಫಿಗೆ ಒಪ್ಪುವ ಕ್ಷಾರೀಯತೆ ಲೀಟರಿಗೆ ಸುಮಾರು 40 ಮಿಲಿಗ್ರಾಂ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಒಪ್ಪುವ ಮಿತಿ 200, ಬೇರೆ ಮೂಲವಿಲ್ಲದಿದ್ದರೆ 600. ಅಂದರೆ ಕುಡಿಯಲು ಯಾವ ತಕರಾರೂ ಇಲ್ಲದ ನೀರು ಕಾಫಿಯ ಘಮವನ್ನು ನುಂಗಬಲ್ಲದು.

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಗಡಸು ನೀರನ್ನು ಐದು ನಿಮಿಷ ಚೆನ್ನಾಗಿ ಕುದಿಸಿದರೆ ಬೈಕಾರ್ಬೊನೇಟಿನ ಒಂದು ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ. ತಣ್ಣಗಾಗಲು ಬಿಟ್ಟು ಮೇಲಿನ ತಿಳಿಯನ್ನು ಬಸಿದುಕೊಂಡು, ಕಾಫಿಗೆ ಮತ್ತೆ ಕಾಯಿಸಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಇದ್ದರೆ ಮುಚ್ಚಳ ತೆಗೆದು ಕುದಿಸಿದಾಗ ಅದೂ ಹೋಗುತ್ತದೆ.

ಊರೂರಲ್ಲೂ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರಿನದು ಇನ್ನೊಂದು ತುದಿ. ಆರ್‌ಒ ಪೊರೆ ಬೈಕಾರ್ಬೊನೇಟಿನ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಬಹುಪಾಲು ತೆಗೆದಿರುತ್ತದೆ. ಅದರಲ್ಲಿ ಮಾಡಿದ ಕಾಫಿ ತೆಳುವಾಗಿ, ಹುಳಿ ಮುಂದಾಗಿ ಕಾಣಬಹುದು. ಕುದಿಸಿ ಬಸಿದ ನೀರನ್ನು ಸ್ವಲ್ಪ ಬೆರೆಸಿದರೆ ರುಚಿ ತುಂಬಿಕೊಳ್ಳುತ್ತದೆ. ಆದರೆ ಫ್ಲೋರೈಡ್ ಇರುವ ಊರುಗಳಲ್ಲಿ ಈ ಬೆರಕೆ ಖಂಡಿತ ಬೇಡ. ಈ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಆ ತೊಂದರೆ ಇದೆ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಅಂಥ ಕಡೆ ರುಚಿ ಎರಡನೆಯ ಮಾತು. ಘಟಕದ ನೀರೇ ಸರಿ, ಬೇಕಿದ್ದರೆ ಪುಡಿ ಅರ್ಧ ಚಮಚ ಹೆಚ್ಚಿರಲಿ.

ಪುಡಿಯಲ್ಲಿ ಚಿಕೋರಿ ಎಷ್ಟಿದೆ ಎಂಬುದೂ ಫಿಲ್ಟರಿನ ಓಟವನ್ನು ಬದಲಿಸುತ್ತದೆ. ಚಿಕೋರಿ ಒಂದು ಗಿಡದ ಬೇರು. ಹುರಿದಾಗ ಅದರಲ್ಲಿನ ಇನ್ಯುಲಿನ್ ಎಂಬ ಶರ್ಕರ ಕಂದುಬಣ್ಣಕ್ಕೆ ತಿರುಗಿ ಸಿಹಿಗಹಿಯಾಗುತ್ತದೆ. ಕೆಫೀನ್ ಇಲ್ಲ. ಕಾಫಿಗಿಂತ ಎರಡು ಪಟ್ಟಿಗೂ ಹೆಚ್ಚು ಅಂಶ ನೀರಿಗೆ ಕರಗುವುದರಿಂದ ಡಿಕಾಕ್ಷನ್ ದಪ್ಪಗೆ, ಕಪ್ಪಗೆ, ನಿಧಾನವಾಗಿ ಇಳಿಯುತ್ತದೆ. ದಪ್ಪಗಿದ್ದ ಮಾತ್ರಕ್ಕೆ ಅದು ಸ್ಟ್ರಾಂಗ್ ಕಾಫಿಯಲ್ಲ. ಕಾನೂನಿನ ಪ್ರಕಾರ ಇಂಥ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು, ಪೊಟ್ಟಣದ ಮೇಲೆ ಪ್ರಮಾಣ ಬರೆದಿರಲೇಬೇಕು. ಕೊಳ್ಳುವ ಮುನ್ನ ಆ ಸಣ್ಣ ಅಕ್ಷರ ಓದುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಇಲ್ಲಿನ ಬಿಸಿಲಿನಲ್ಲಿ ಪುಡಿಯ ಎಣ್ಣೆಯಂಶ ಬೇಗ ಕೆಡುತ್ತದೆ. ಕಾಲು ಕಿಲೋಗಿಂತ ಹೆಚ್ಚು ತರದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಬೇಕು.

ಇಳಿದ ಡಿಕಾಕ್ಷನ್ ಅನ್ನು ಒಲೆಯ ಮೇಲಿಟ್ಟು ಕುದಿಸುವುದು ದೊಡ್ಡ ನಷ್ಟ. ಘಮ ಹಾರಿಹೋಗುತ್ತದೆ, ಕ್ಲೋರೋಜೆನಿಕ್ ಆಮ್ಲ ಒಡೆದು ಕ್ವಿನಿಕ್ ಆಮ್ಲ ಹೆಚ್ಚುತ್ತದೆ, ನಾಲಿಗೆಗೆ ಒರಟು ಹುಳಿ ತಗಲುತ್ತದೆ. ಹಾಲನ್ನು ಬಿಸಿಯಾಗಿ ಉಕ್ಕಿಸಿ ಅದಕ್ಕೆ ಡಿಕಾಕ್ಷನ್ ಬೆರೆಸಿದರೆ ಸಾಕಷ್ಟು ಶಾಖ ಸಿಗುತ್ತದೆ. ಹಾಲಿನ ಕೇಸೀನ್ ಪ್ರೋಟೀನು ಕಾಫಿಯ ಒಗರು ಅಂಶಗಳನ್ನು ಹಿಡಿದುಕೊಳ್ಳುವುದರಿಂದಲೇ ಅಷ್ಟು ಗಟ್ಟಿ ಡಿಕಾಕ್ಷನ್ನೂ ಗಂಟಲಿಗೆ ಮೆತ್ತಗೆ ಇಳಿಯುವುದು.

ಕಂಪ್ಲಿಯ ಸುತ್ತ, ಹೊಸಪೇಟೆಯ ಕಾಲುವೆಗಳ ಬದಿ ಕಬ್ಬು ಬೆಳೆಯುವ ಕಡೆ ಬೆಲ್ಲದ ಕಾಫಿಯ ರುಚಿ ಬಲ್ಲವರಿದ್ದಾರೆ. ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿದರೆ ಅದರ ಆಮ್ಲ ಮತ್ತು ಲವಣಗಳಿಂದ ಹಾಲು ಒಡೆಯುವ ಸಂಭವ ಹೆಚ್ಚು. ಲೋಟದಲ್ಲಿ ಬಿಸಿ ಡಿಕಾಕ್ಷನ್‌ಗೆ ಬೆಲ್ಲ ಹಾಕಿ ಕರಗಿಸಿ, ಹಾಲನ್ನು ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು ಸುರಿದರೆ ಒಡೆಯುವುದು ಅಪರೂಪ.

ಫಿಲ್ಟರು ತೊಳೆಯುವುದೂ ರುಚಿಯ ಕೆಲಸವೇ. ಚರಟ ಕೊಡವಿ ನೀರಾಡಿಸಿದರೆ ಸಾಲದು. ತೂತುಗಳಲ್ಲಿ ಕಾಫಿಯ ಎಣ್ಣೆ ಮತ್ತು ಗಡಸು ನೀರಿನ ಸುಣ್ಣ ಪದರ ಪದರವಾಗಿ ಕೂರುತ್ತವೆ. ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಎಷ್ಟು ತೂತು ಮುಚ್ಚಿವೆ ಎಂದು ಗೊತ್ತಾಗುತ್ತದೆ. ಸ್ಟೀಲ್ ಫಿಲ್ಟರಾದರೆ ನಿಂಬೆರಸ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಬೇಕು. ಸಿಟ್ರಿಕ್ ಆಮ್ಲಕ್ಕೆ ಸುಣ್ಣ ಕರಗುತ್ತದೆ, ಉಳಿದ ಜಿಡ್ಡನ್ನು ಸೋಪು, ಬ್ರಷ್ಷು ತೆಗೆಯುತ್ತವೆ. ಹಿತ್ತಾಳೆಯ ಹಳೆಯ ಫಿಲ್ಟರಿಗೆ ನಿಂಬೆಹಣ್ಣಿನಲ್ಲಿ ಅಷ್ಟು ಹೊತ್ತು ನೆನೆಸುವುದು ಬೇಡ. ಒಳಗಿನ ಕಲಾಯಿ ಸವೆದಿದ್ದರೆ ಮೊದಲು ಕಲಾಯಿ ಹಾಕಿಸಿ, ಆಮೇಲೆ ಬಳಸಬೇಕು.