ಮಾತ್ರೆ ತಿನ್ನುವವರ ‘ಟೇಕ್’ ಪಾಠ

ಇಂಗ್ಲಿಷಿನ ‘ಟೇಕ್’ ಎಂಬ ಕ್ರಿಯಾಪದಕ್ಕೆ ಚೀನೀ ಭಾಷೆಯಲ್ಲಿ ಥಟ್ಟನೆ ಸಿಗುವ ಪದ ‘ನಾ’. ಅಂದರೆ ಕೈಯಲ್ಲಿ ತೆಗೆದುಕೊಳ್ಳುವುದು. ಪುಸ್ತಕ, ಪೆನ್ನುಗಳ ಮಟ್ಟಿಗೆ ಅಷ್ಟು ಸಾಕು. ಆದರೆ ಬಸ್ಸು, ಮಾತ್ರೆ, ಫೋಟೊ, ರಜೆ, ಸ್ನಾನ ಎಲ್ಲಕ್ಕೂ ಇಂಗ್ಲಿಷು ಅದೇ ‘ಟೇಕ್’ ಹೇಳುತ್ತದೆ. ಅಲ್ಲಿ ‘ನಾ’ ಒದಗಿಬರುವುದಿಲ್ಲ.

ಚೀನೀಯರು ಬಸ್ಸಿನಲ್ಲಿ ‘ಕೂರುತ್ತಾರೆ’. ನಿಂತೇ ಹೋದರೂ ಮಾತು ಅದೇ. ಮಾತ್ರೆಯನ್ನು ‘ತಿನ್ನುತ್ತಾರೆ’, ರಜೆಯನ್ನು ‘ಕೋರುತ್ತಾರೆ’. ಫೋಟೊ ತೆಗೆಯುವುದಕ್ಕೆ ಹೇಳುವ ‘ಪಾಯ್’ ಪದದ ಮೂಲ ಅರ್ಥ ಅಂಗೈಯಿಂದ ತಟ್ಟುವುದು. ಕೆಲಸಕ್ಕೆ ಎರಡು ಗಂಟೆ ಹಿಡಿಯಿತು ಎನ್ನಲು ಬರುವ ‘ಹ್ವಾ’ಕ್ಕೆ ಖರ್ಚು ಮಾಡು ಎಂಬ ಅರ್ಥ, ಹೂವನ್ನು ಬರೆಯುವುದೂ ಅದೇ ಅಕ್ಷರದಲ್ಲಿ. ಹೀಗಾಗಿ ಇಂಗ್ಲಿಷಿನಲ್ಲೂ ಮಾತ್ರೆ ‘ತಿನ್ನುವುದು’ ಚೀನೀ ಕಲಿಕೆಗಾರರ ಹೆಸರಾಂತ ತಪ್ಪು. ಅದರ ಹಿಂದಿರುವುದು ದಡ್ಡತನವಲ್ಲ, ತಾಯಿನುಡಿಯ ತರ್ಕ. ಫೋಟೊ ತೆಗೆಯುವ, ಬಸ್ಸು ಹಿಡಿಯುವ, ರಜೆ ಹಾಕುವ ಕನ್ನಡಿಗರಿಗೆ ಇದು ಬೇಗ ಅರ್ಥವಾಗಬೇಕು.

‘ಟೇಕ್’ ಮತ್ತು ‘ಬ್ರಿಂಗ್’ಗಳ ನಡುವೆಯೂ ತೊಡಕಿದೆ. ಚೀನೀಯಲ್ಲಿ ಎರಡಕ್ಕೂ ‘ದಾಯ್’ ಸಲ್ಲುತ್ತದೆ. ಇತ್ತಲೋ ಅತ್ತಲೋ ಎಂಬುದನ್ನು ‘ಬರು’, ‘ಹೋಗು’ ಎಂಬ ಪದ ಜೊತೆಗೆ ಸೇರಿ ತಿಳಿಸುತ್ತದೆ. ಮನೆಯಿಂದ ಹೊರಟವರಿಗೆ ಕೊಡೆ ನೆನಪಿಸುವಾಗ ‘ದಾಯ್ ಸಾನ್’ ಅಂದರೆ ಮುಗಿಯಿತು. ಇನ್ನು ‘ಟುಕ್’, ‘ಟೇಕನ್’ ರೂಪಗಳು ಬೇರೆ. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದೇ ಇಲ್ಲ.

ಎಲ್ಲಕ್ಕಿಂತ ಕಷ್ಟ ಕೊಡುವುದು ‘ಟೇಕ್’ಗೆ ಅಂಟಿಕೊಳ್ಳುವ ಪುಟ್ಟ ಪದಗಳು. ‘ಟೇಕ್ ಆಫ್’ ಅಂದರೆ ಅಂಗಿ ಕಳಚುವುದೂ ಹೌದು, ವಿಮಾನ ಮೇಲೇರುವುದೂ ಹೌದು. ‘ಟೇಕ್ ಆಫ್ಟರ್’ ಅಂದರೆ ಮಗು ಅಪ್ಪನನ್ನೋ ಅಮ್ಮನನ್ನೋ ಹೋಲುವುದು. ಇವುಗಳ ಅರ್ಥವನ್ನು ಬಿಡಿಪದಗಳಿಂದ ಕೂಡಿಸಿ ಊಹಿಸಲಾಗದು. ಆದ್ದರಿಂದ ‘ಟೇಕ್’ನ ಅರ್ಥಗಳನ್ನು ಪಟ್ಟಿ ಮಾಡಿ ಬಾಯಿಪಾಠ ಹೊಡೆಯುವುದಕ್ಕಿಂತ, ಅದು ಯಾವ ಪದದ ಜೊತೆ ಬರುತ್ತದೋ ಆ ಜೋಡಿಯನ್ನೇ ಇಡಿಯಾಗಿ ಕಲಿಯುವುದು ಲೇಸು.

ಇಂಥ ಕ್ರಿಯಾಪದ ಚೀನೀಯರಿಗೆ ಹೊಸದೇನಲ್ಲ. ಅವರ ‘ದಾ’ ಪದಕ್ಕೆ ಹೊಡೆ ಎಂದರ್ಥ. ಫೋನು ಮಾಡುವುದು, ಬ್ಯಾಸ್ಕೆಟ್‌ಬಾಲ್ ಆಡುವುದು, ಕೊಡೆ ಬಿಚ್ಚಿ ಹಿಡಿಯುವುದು, ಸ್ವೆಟರ್ ಹೆಣೆಯುವುದು, ಸೀನುವುದು ಎಲ್ಲವೂ ‘ದಾ’ದಲ್ಲೇ ನಡೆಯುತ್ತವೆ. ಹರಟೆ, ನಿದ್ದೆ, ಸುಣ್ಣಬಣ್ಣ ಎಲ್ಲವನ್ನೂ ‘ಹೊಡೆಯುವ’ ಕನ್ನಡದ ಹಾಗೆಯೇ ಇದು. ಇಂಗ್ಲಿಷಿನವರು ‘ಟೇಕ್’ ಮಾಡುವ ಟ್ಯಾಕ್ಸಿಯನ್ನು ಬೀಜಿಂಗಿನವರು ‘ದಾ’ ಮಾಡುತ್ತಾರೆ. ಚೀನೀ ಕಲಿಯಲು ಹೊರಟ ಇಂಗ್ಲಿಷರು ತಡವರಿಸುವುದು ಅಲ್ಲೇ.