ಲಕ್ಷ್ಯ, ಲಕ್ಷಣ ಮತ್ತು ಪದವಿ

ಮಗಳು ಸಂಗೀತವನ್ನೇ ಪದವಿಗೆ ಓದುವೆನೆಂದರೆ ತಂದೆತಾಯಿಗಳಿಗೆ ಒಂದು ಸಂದೇಹ ಸಹಜ. ಕಾಲೇಜಿನಲ್ಲಿ ಹಾಡುವುದನ್ನು ಕಲಿಸುವರೋ, ಹಾಡಿನ ವಿಚಾರವಾಗಿ ಬರೆಯುವುದನ್ನು ಮಾತ್ರ ಕಲಿಸುವರೋ?

ಹಾಡಿ ನುಡಿಸಿ ತೋರುವುದನ್ನು ನಮ್ಮ ಹಿರಿಯರು ಲಕ್ಷ್ಯವೆಂದರು. ಅದರ ನಿಯಮಗಳನ್ನು ನಿರೂಪಿಸುವುದನ್ನು ಲಕ್ಷಣವೆಂದರು. ಇವೆರಡನ್ನೂ ಒಂದೇ ಸೂರಿನಡಿ ತರುವುದೇ ವಿಶ್ವವಿದ್ಯಾನಿಲಯಗಳ ಉದ್ದೇಶ. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ 1950ರಲ್ಲಿ ಪಂಡಿತ ಓಂಕಾರನಾಥ ಠಾಕೂರರ ನೇತೃತ್ವದಲ್ಲಿ ಸಂಗೀತದ ಕಾಲೇಜು ಆರಂಭವಾಯಿತು. 1956ರಲ್ಲಿ ಖೈರಾಗಢದಲ್ಲಿ ಸಂಗೀತಕ್ಕೂ ಕಲೆಗಳಿಗೂ ಮೀಸಲಾದ ವಿಶ್ವವಿದ್ಯಾನಿಲಯವೇ ತಲೆಯೆತ್ತಿತು. ಮೈಸೂರು ವಿಶ್ವವಿದ್ಯಾನಿಲಯದ ಸಂಗೀತ ನೃತ್ಯ ಕಾಲೇಜು 1965ರದು, ವಿದ್ವಾನ್ ವಿ. ರಾಮರತ್ನಂ ಅದರ ಮೊದಲ ಪ್ರಾಂಶುಪಾಲರು. ಈಗ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೂ ಮೈಸೂರಿನಲ್ಲಿದೆ.

ಇಂತಹ ವ್ಯಾಸಂಗದಲ್ಲಿ ಪರೀಕ್ಷೆ ಎರಡು ಬಗೆ. ಲಕ್ಷಣಕ್ಕೆ ಉತ್ತರಪತ್ರಿಕೆ, ಲಕ್ಷ್ಯಕ್ಕೆ ಪರೀಕ್ಷಕರ ಎದುರು ಕುಳಿತು ಹಾಡಬೇಕು. ವರ್ಣ, ಕೃತಿಗಳನ್ನು ಪಾಠಾಂತರದಂತೆ ಒಪ್ಪಿಸಿದರೆ ಸಾಲದು; ರಾಗಾಲಾಪನೆ, ನೆರವಲ್, ಕಲ್ಪನಾಸ್ವರಗಳಲ್ಲಿ ಸ್ವಂತ ಮನೋಧರ್ಮವೂ ಕಾಣಬೇಕು.

ಇವೆರಡರ ಅಂತರಕ್ಕೆ ಒಂದು ನಿದರ್ಶನ ಸಾಕು. ವೆಂಕಟಮಖಿಯ ಎಪ್ಪತ್ತೆರಡು ಮೇಳಗಳಲ್ಲಿ ಮೊದಲ 36ಕ್ಕೆ ಶುದ್ಧಮಧ್ಯಮ, ಉಳಿದ 36ಕ್ಕೆ ಪ್ರತಿಮಧ್ಯಮ. ಶಂಕರಾಭರಣ 29ನೆಯದು, ಅದಕ್ಕೆ 36 ಕೂಡಿಸಿದರೆ 65ನೆಯ ಕಲ್ಯಾಣಿ. ಸ್ವರಗಳಲ್ಲಿ ಭೇದ ಮಧ್ಯಮವೊಂದರದೇ. ಇದನ್ನು ಒಂದು ಗಂಟೆಯ ಪಾಠದಲ್ಲಿ ತಿಳಿಯಬಹುದು. ಆದರೆ ಕಲ್ಯಾಣಿಯ ಗಮಕ ಕಂಠದಲ್ಲಿ ನೆಲೆಗೊಳ್ಳಲು ವರ್ಷಗಳೇ ಬೇಕು. ವ್ಯಾಕರಣ ಬಲ್ಲವರೆಲ್ಲ ಕವಿಗಳಾಗಲಿಲ್ಲವಷ್ಟೆ!

ಕಾಲೇಜಿನ ತೊಡಕು ಇರುವುದು ಇಲ್ಲಿಯೇ. ಗುರುಕುಲದಲ್ಲಿ ಶಿಷ್ಯನ ಕಂಠ ಪಕ್ವವಾಗುವವರೆಗೆ ಗುರು ಕಾಯುತ್ತಿದ್ದ. ಪರೀಕ್ಷೆಯ ದಿನಾಂಕ ಯಾರಿಗೂ ಕಾಯದು. ಒಂದು ತರಗತಿಗೆ ಒಬ್ಬರೇ ಅಧ್ಯಾಪಕರಿದ್ದಾಗ ಪ್ರತಿಯೊಬ್ಬರ ಶ್ರುತಿಯನ್ನು ತಿದ್ದಲು ಸಮಯವೂ ಸಾಲದು. ಆದುದರಿಂದ ಕಾಲೇಜನ್ನು ಆರಿಸುವಾಗ ಪ್ರತಿ ವಿದ್ಯಾರ್ಥಿಗೂ ವಾರಕ್ಕೆ ಎಷ್ಟು ಹೊತ್ತು ಪ್ರತ್ಯೇಕ ಪಾಠ ದೊರೆಯುವುದೆಂದು ಕೇಳಿ ತಿಳಿಯಬೇಕು. ಮನೆಯ ಗುರುವನ್ನೂ ಬೆಳಗಿನ ಸಾಧಕವನ್ನೂ ಬಿಡಬಾರದು.

ಪದವೀಧರರಾದರೆಂದು ಕಚೇರಿ ತಾನಾಗಿ ಒದಗುವುದಿಲ್ಲ. ಆಕಾಶವಾಣಿಯೂ ಕಲಾವಿದರನ್ನು ಧ್ವನಿಪರೀಕ್ಷೆಯಿಂದ ಆರಿಸಿ ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿ ಕೊಡುತ್ತದೆ. ಅಲ್ಲಿ ಮಾತನಾಡುವುದು ಕಂಠವೇ ಹೊರತು ಪದವಿಪತ್ರವಲ್ಲ. ಆದರೂ ಈ ವ್ಯಾಸಂಗ ವ್ಯರ್ಥವಲ್ಲ. ವಿದ್ವಾಂಸರಾಗುವವರು ಕೆಲವರೇ, ಉಳಿದವರು ಬಲ್ಲ ಅಧ್ಯಾಪಕರಾಗಿ, ತಿಳಿದು ಕೇಳುವ ರಸಿಕರಾಗಿ ಸಂಗೀತವನ್ನು ಉಳಿಸಿಯಾರು. ಕೇಳುವವರಿಲ್ಲದೆ ಹಾಡು ಬಾಳುವುದೆಂತು?